ಮೂವತ್ತೇಳು ಡಿಗ್ರಿ

"ಒಲೆ ಊದೋ ಕೈಲಿ ಸ್ಟೇರಿಂಗ್ ಹಿಡಿದ್ರೆ ಗಾಡೀನೂ ಉಳಿಯಲ್ಲ, ಮನೇನೂ ಉಳಿಯಲ್ಲ" ಅಂತ ಮೊದಲು ಅಂದವನು ವರಲಕ್ಷ್ಮಿಯ ಬಾವ ನರಸಿಂಹಮೂರ್ತಿ. ಅಂದದ್ದು ಎಲ್ಲೋ ಮೂಲೆಯಲ್ಲಲ್ಲ. ಸ್ವಂತ ತಮ್ಮನ ತಿಥಿಯ ದಿನ, ಎಲೆ ಮುಂದೆ ಕೂತ ನೆಂಟರಿಗೆಲ್ಲ ಕೇಳೋ ಹಾಗೆ. ತಮ್ಮ ಚಲಪತಿ, ಅಂದರೆ ವರಲಕ್ಷ್ಮಿಯ ಗಂಡ, ಬಿಟ್ಟುಹೋದ ಪಿಕಪ್ ಗಾಡಿ ತನ್ನ ಅಂಗಳಕ್ಕೆ ಬರುತ್ತೆ ಅಂತ ಅವನು ಲೆಕ್ಕ ಹಾಕಿದ್ದ. ವರಲಕ್ಷ್ಮಿ ಸಾರು ಬಡಿಸ್ತಾ ಇದ್ದವಳು ಸೌಟು ಕೆಳಗಿಟ್ಟು, "ಗಾಡಿ ಎಲ್ಲಿಗೂ ಹೋಗಲ್ಲ ಬಾವ, ನಾನೇ ಓಡಿಸ್ತೀನಿ" ಅಂದಳು. ಎಲೆ ಮುಂದಿದ್ದವರು ನಕ್ಕರು. ನಗದೇ ಇದ್ದವಳು ಒಬ್ಬಳೇ, ಅವಳ ಅತ್ತೆ ರಾಮಲಕ್ಷ್ಮಮ್ಮ.

"ಓಡಿಸಲಿ ಬಿಡೋ" ಅಂದಳು ಮುದುಕಿ ಮಗನಿಗೆ. "ನಿನ್ನ ಕೇಳಿಕೊಂಡು ಯಾರೂ ಹುಟ್ಟಿಲ್ಲ."

ಮಂಚೇನಹಳ್ಳಿಯಿಂದ ಒಳಗೆ ಹೋದರೆ ಸಿಗೋ ಊರು ಅದು. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತು. ವರಲಕ್ಷ್ಮಿ ಗಾಡಿ ಕಲಿತಳು. ಸುತ್ತಲ ಹಳ್ಳಿಗಳ ರೇಷ್ಮೆ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸೋ ಕೆಲಸ ಹಿಡಿದಳು. ಶಾಲೆ ಮೂರನೇ ಕ್ಲಾಸಿಗೇ ನಿಂತಿತ್ತು. ಆಮೇಲಿನ ಓದೆಲ್ಲ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೇರೆಯವರು ಓದಿ ಬಿಸಾಕಿದ ಪೇಪರು. ಹಾಗೆ ಓದಿದವಳು ಗಾಡಿಯ ಕಾಯಿಲೆಯನ್ನೂ ಹಾಗೇ ಓದಿದಳು. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಸ್ಕ್ಯಾನರ್ ತರಿಸಿದಳು. ಸ್ಟೇರಿಂಗ್ ಕೆಳಗೆ ಸಿಗಿಸಿದರೆ ಇಂಜಿನ್ನಿನ ಒಂದೊಂದು ಸೆನ್ಸರೂ ಏನು ಹೇಳ್ತಿದೆ ಅನ್ನೋದು ಫೋನಿನಲ್ಲಿ ಕಾಣುತ್ತೆ. ಎಲ್ಲಿ ತೊಂದರೆಯೋ ಅದರ ಕೋಡ್ ಬರುತ್ತೆ. ಒಂದಕ್ಷರ, ನಾಕು ಅಂಕಿ. ಅದರ ಅರ್ಥ ಹುಡುಕಿ, ತಾನೇ ಬಿಚ್ಚಿ, ತಾನೇ ಸರಿಮಾಡ್ತಿದ್ದಳು. ಗ್ಯಾರೇಜಿನವರ ಮುಂದೆ ಕೈಕಟ್ಟಿ ನಿಲ್ಲೋದು ಅವಳಿಂದ ಆಗದ ಮಾತು.

ಆ ಮಾಗಿಯಲ್ಲಿ ಗಾಡಿಯ ಇಂಜಿನ್ ದೀಪ ಹತ್ತಿಕೊಂಡು ಕೂತಿತು. ಆರಲೇ ಇಲ್ಲ. ಬೆಳಗಿನ ಹೊತ್ತು ಸ್ಟಾರ್ಟ್ ಆಗೋದಕ್ಕೆ ಸತಾಯಿಸೋದು, ದಿಣ್ಣೆ ಹತ್ತುವಾಗ ಏದುಸಿರು ಬಿಡೋದು, ತಣ್ಣಗಿರುವಾಗಲೇ ಫ್ಯಾನು ಗೊರ್ರ್ ಅಂತ ತಿರುಗೋದು. ಕೋಡ್ ನೋಡಿದಳು. ಇಂಜಿನ್ ನೀರಿನ ಬಿಸಿ ಅಳೆಯೋ ಸೆನ್ಸರ್ ಕೆಟ್ಟಿದೆ ಅಂತ ಬಂತು. ಗಾಡೀನ ಮನೇಲೇ ಬಿಟ್ಟು, ಸಂಜೆ ಬಸ್ಸಿಗೆ ಮಂಚೇನಹಳ್ಳಿಗೆ ಹೋದಳು. ಹೊಸ ಸೆನ್ಸರ್ ಸಿಕ್ಕೋ ಹೊತ್ತಿಗೆ ಕೊನೆ ಬಸ್ಸು ಹೋಗಿತ್ತು.

ನಡೆದೇ ಹೊರಟಳು.

ಹೊರಡುವಾಗ ಅತ್ತೆಗೆ ಸ್ವಲ್ಪ ಮೈ ಬಿಸಿ ಇತ್ತು. ಮಾತ್ರೆ ಕೊಟ್ಟು, ಕಂಬಳಿ ಹೊದಿಸಿ ಬಂದಿದ್ದಳು. ದಾರಿಯುದ್ದಕ್ಕೂ ತಲೆಯಲ್ಲಿದ್ದದ್ದು ಅದಲ್ಲ. ಮರುದಿನ ನಸುಕಿಗೆ ಪಕ್ಕದ ಹಳ್ಳಿಯ ವೆಂಕಟರಾಮಪ್ಪನ ಗೂಡು ತುಂಬಬೇಕು. ವರ್ಷಪೂರ್ತಿ ಗೂಡು ಕೊಡೋ ದೊಡ್ಡ ಮನೆ ಅದು. ಇವಳ ಗಾಡಿ ಕೆಟ್ಟಿದೆ ಅನ್ನೋ ಸುದ್ದಿ ನರಸಿಂಹಮೂರ್ತಿ ಆಗಲೇ ಅಲ್ಲಿಗೆ ಮುಟ್ಟಿಸಿ, ಬೇರೆ ಗಾಡಿ ಗೊತ್ತುಮಾಡಿಕೊಡ್ತೀನಿ ಅಂದಿದ್ದನಂತೆ. ನಡೀತಾ ಇರುವಾಗಲೇ ವೆಂಕಟರಾಮಪ್ಪನ ಫೋನು ಬಂತು.

"ಏನಮ್ಮ, ಬರ್ತೀಯೋ ಇಲ್ವೋ? ಗೂಡು ಬಲಿತು ಕೂತೈತೆ. ತಡ ಆದ್ರೆ ಚಿಟ್ಟೆ ತೂತು ಹೊಡ್ಕೊಂಡು ಈಚೆ ಬರ್ತವೆ. ನಿನ್ನ ಗಾಡಿಗೆ ಕಾಯ್ತಾ ಕೂರಲ್ಲ ಅವು."

"ಬರ್ತೀನಿ ಅಂದ್ರೆ ಬರ್ತೀನಿ ಕಣಣ್ಣ."

"ಬರ್ದೇ ಹೋದ್ರೆ ಇನ್ಮೇಲೆ ಬರ್ಲೇಬ್ಯಾಡ, ನೋಡು."

ಫೋನು ಸೆರಗಿಗೆ ಸಿಕ್ಕಿಸಿಕೊಂಡಳು. ಊರಿಗೆ ಮುಂಚೆ ಒಂದು ಹಳೇ ಬಾವಿ ಇದೆ. ಪಕ್ಕದಲ್ಲೇ ಆಲದ ಮರ. ನೀರು ಬತ್ತಿ ಎಷ್ಟೋ ಕಾಲ ಆಯ್ತು, ಈಗ ಅಲ್ಲಿಗೆ ಯಾರೂ ಹೋಗಲ್ಲ.

ಆ ಕಡೆಯಿಂದ ಸದ್ದು ಬಂತು.

ಜುಯ್... ಜುಯ್...

ತೀರಾ ಸಣ್ಣ ಸದ್ದು. ವರಲಕ್ಷ್ಮಿ ಆ ಸದ್ದಿನ ಜೊತೆಗೇ ಬೆಳೆದವಳು. ರೇಷ್ಮೆ ಗೂಡನ್ನು ಮಾರುಕಟ್ಟೆಗೆ ಕಳಿಸೋ ಮುಂಚೆ ಅದರ ಮೈಗೆ ಅಂಟಿದ ನವಿರಾದ ಎಳೆಯನ್ನು ಬೆರಳಲ್ಲಿ ಎಳೆದು ತೆಗೀತಾರಲ್ಲ, ಆ ಸದ್ದು. ಈ ಹೊತ್ತಲ್ಲಿ... ಬಾವಿ ಕಟ್ಟೆ ಮೇಲೆ...

ಟಾರ್ಚಿನ ಬೆಳಕು ಬಿಟ್ಟಳು. ಕಂಬಳಿ ಹೊದ್ದು ಕೂತಿದ್ದಳು ಅತ್ತೆ.

"ಅತ್ತೆ! ಜ್ವರ ಇಟ್ಕೊಂಡು ಇಲ್ಲೇನ್ ಮಾಡ್ತಿದ್ದೀಯ?"

ಮುದುಕಿ ತಲೆ ಎತ್ತಲಿಲ್ಲ. ಪಿಸುಗುಟ್ಟಿದಳು. "ಪೋದಾಂ ಪದಮ್ಮಾ..."

ಹೋಗೋಣ ನಡಿ ಅಂತ. ರಾಮಲಕ್ಷ್ಮಮ್ಮನ ತವರು ಆಂಧ್ರದ ಗಡಿ. ನಿದ್ದೆಗಣ್ಣಲ್ಲಿ, ಜ್ವರದಲ್ಲಿ ಅವಳ ಬಾಯಿಗೆ ತೆಲುಗೇ ಬರ್ತಿತ್ತು.

"ಎಲ್ಲಿಗೆ?"

"ಮಾರ್ಕೆಟ್ಟಿಗೆ. ನಾನೂ ಬರ್ತೀನಿ."

ನಲವತ್ತು ವರ್ಷ ಹುಳಕ್ಕೆ ಸೊಪ್ಪು ಹಾಕಿದ ಹೆಂಗಸು ಅವಳು. ರಾತ್ರಿ ಎದ್ದೆದ್ದು ಹಾಕಿದವಳು. ಗೂಡು ಮಾತ್ರ ಯಾವಾಗಲೂ ಗಂಡಸರ ಜೊತೆ ಶಿಡ್ಲಘಟ್ಟಕ್ಕೆ ಹೋಗ್ತಿತ್ತು. ಆ ಮಾರುಕಟ್ಟೆ ಹೇಗಿದೆ ಅಂತ ಒಂದು ಸಲಾನೂ ಕಂಡಿರಲಿಲ್ಲ. ಸೊಸೆ ಗಾಡಿ ಓಡಿಸೋಕೆ ಶುರುಮಾಡಿದ ಮೇಲೆ ಪ್ರತಿ ಸಲ ಕೇಳೋಳು. ವರಲಕ್ಷ್ಮಿ ಪ್ರತಿ ಸಲ ಮುಂದಿನ ಸಲ ಅನ್ನೋಳು.

"ಆಯ್ತು, ಮೊದಲು ಮನೆಗೆ ನಡಿ" ಅಂತ ಕೈ ಹಿಡಿಯೋಕೆ ಹೋದಳು. ಕಾಲು ಕಲ್ಲಿಗೆ ಎಡವಿತು. ಟಾರ್ಚಿನ ಬೆಳಕು ಅತ್ತ ತಿರುಗಿ ಇತ್ತ ಬಂತು, ಅಷ್ಟೇ.

ಕಟ್ಟೆ ಮೇಲೆ ಯಾರೂ ಇರಲಿಲ್ಲ.

ಓಡಿದಳು ಅಂತ ಅಂದ್ಕೋಬೇಡಿ. ಓಡೋ ಪೈಕಿ ಅಲ್ಲ ಅವಳು. ಆದರೆ ಮನೆ ಮುಟ್ಟೋವರೆಗೂ ಹಿಂದೆ ತಿರುಗಲಿಲ್ಲ. ಬಾಗಿಲು ಅವಳು ಎಳೆದುಕೊಂಡು ಹೋದ ಹಾಗೇ ಇತ್ತು. ಪಡಸಾಲೆಯ ಮಂಚದ ಮೇಲೆ ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಹಣೆ ಮುಟ್ಟಿದರೆ ಬೆಚ್ಚಗಿತ್ತು. ಉಸಿರಾಡ್ತಿದ್ದಳು. ಮಗ್ಗುಲಾಗಿ "ಬಂದ್ಯಾ?" ಅಂದಳು. ವರಲಕ್ಷ್ಮಿಗೆ ತನ್ನ ಮೇಲೇ ಸಿಟ್ಟು ಬಂತು. ದಣಿದ ಕಣ್ಣು ಏನೇನೋ ಕಾಣುತ್ತೆ ಅಂದುಕೊಂಡು, ಉಣ್ಣದೇ ಕೊಟ್ಟಿಗೆಗೆ ಹೋಗಿ ಗಾಡಿಯ ಬಾನೆಟ್ ಎತ್ತಿದಳು.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಕೇಳಿ.

ಬಿಸಿ ಅಳೆಯೋ ಸೆನ್ಸರಿನ ತುದಿಗೆ ಒಂದು ವೈರು ಬಂದು ಸೇರಿರುತ್ತೆ. ಆ ವೈರನ್ನು ಕಿತ್ತರೆ ಫೋನಿನಲ್ಲಿ ಮೈನಸ್ ನಲವತ್ತು ಅಂತ ತೋರಿಸಬೇಕು. ಅಂದರೆ, ನನಗೆ ಏನೂ ಕಾಣಿಸ್ತಿಲ್ಲ ಅಂತ ಗಾಡಿ ಹೇಳೋ ರೀತಿ ಅದು. ವರಲಕ್ಷ್ಮಿ ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೇ, ವೈರು ಕಿತ್ತು ಫೋನು ನೋಡಿದಳು.

ಮೂವತ್ತೇಳು.

ಮಧ್ಯಾಹ್ನದಿಂದ ತಣ್ಣಗೆ ನಿಂತಿರೋ ಗಾಡಿ. ಹೊರಗೆ ಹಲ್ಲು ಕಟಕಟ ಅನ್ನೋ ಚಳಿ. ವೈರಿನ ತುದಿಯಲ್ಲಿ ಏನೂ ಇಲ್ಲ. ಆದರೂ ಮೂವತ್ತೇಳು. ಫೋನು ಸಿಕ್ಕಿಹಾಕಿಕೊಂಡಿದೆ ಅಂದ್ಕೊಂಡು ಆಕ್ಸಿಲರೇಟರ್ ತುಳಿದಳು. ಅದರ ಅಂಕಿ ಏರಿತು, ಇಳಿಯಿತು. ಫೋನು ಸರಿಯಾಗೇ ಇದೆ. ಬ್ಯಾಟರಿ ಕಳಚಿ ಮತ್ತೆ ಹಾಕಿದಳು. ಮೂವತ್ತೇಳು. ಕೋಡ್ ಅಳಿಸಿದಳು. ಮೂವತ್ತೇಳು. ಒಲೆ ಮೇಲಿದ್ದ ಬಿಸಿನೀರು ಲೋಟಕ್ಕೆ ಬಗ್ಗಿಸಿ ತಂದು, ಹೊಸ ಸೆನ್ಸರನ್ನು ವೈರಿಗೆ ಸಿಗಿಸಿ ಅದರಲ್ಲಿ ಅದ್ದಿದಳು. ಏರಬೇಕಿತ್ತು, ಏರಲಿಲ್ಲ. ಮಡಕೆ ನೀರಲ್ಲಿ ಅದ್ದಿದಳು. ಇಳಿಯಬೇಕಿತ್ತು, ಇಳಿಯಲಿಲ್ಲ.

"ನನ್ನ ಹತ್ರ ಆಟ ಆಡ್ಬೇಡ" ಅಂತ ಗಾಡಿಗೆ ಬೈದಳು.

ಒಳಗಿಂದ ಕೂಗು ಕೇಳಿಸಿತು. "ವರಲಕ್ಷ್ಮೀ..."

"ಬಂದೆ ಅತ್ತೆ, ಒಂದ್ನಿಮಿಷ."

ವೈರನ್ನು ಬರಿದಾಗಿ ಇಳಿಬಿಟ್ಟು, ಅದರ ದಾರಿ ಹಿಡಿದು ಒಳಗೆಲ್ಲ ಬೆರಳಾಡಿಸಿದಳು. ಇಲಿ ಕಡಿದಿದೆಯೋ, ಎಲ್ಲಾದರೂ ತಾಗಿದೆಯೋ ಅಂತ. ಮತ್ತೊಂದು ಸಲ ಕೂಗು ಬಂತೋ ಇಲ್ಲವೋ, ಅವಳಿಗೆ ಇವತ್ತಿಗೂ ಖಾತ್ರಿ ಇಲ್ಲ. ತಲೆ ಇಂಜಿನ್ನಿನೊಳಗಿತ್ತು.

ತಲೆ ಎತ್ತಿ ಫೋನು ನೋಡಿದರೆ ಮೂವತ್ತಾರು.

ಆಮೇಲೆ ಮೂವತ್ತೈದು.

ವರಲಕ್ಷ್ಮಿಗೆ ಖುಷಿಯಾಯ್ತು. ತಾನು ವೈರು ಅಲ್ಲಾಡಿಸಿದ್ದಕ್ಕೆ ಎಲ್ಲೋ ಸಂಪರ್ಕ ಸರಿಹೋಗ್ತಿದೆ ಅಂದುಕೊಂಡಳು. ಅಂಕಿ ಇಳೀತಾ ಬಂತು. ಮೂವತ್ತೊಂದು... ಮೂವತ್ತು... ಕೊಟ್ಟಿಗೆಯಲ್ಲಿ ಸದ್ದೇ ಇಲ್ಲ. ಸೊಳ್ಳೆಯೂ ಇಲ್ಲ. ಇಪ್ಪತ್ನಾಲ್ಕು ಆದಾಗ ಒಂದು ಗಳಿಗೆ ಅವಳ ಕೈ ನಿಂತಿತು. ತುದಿಯಲ್ಲಿ ಏನೂ ಇಲ್ಲದ ಈ ವೈರು ಯಾರ ಬಿಸಿ ಅಳೀತಾ ಇದೆ? ಆ ಮಾತು ಮನಸ್ಸಿಗೆ ಬಂದದ್ದೇ ಸರಿ, ನೂಕಿಬಿಟ್ಟಳು. ಹೊತ್ತಾಗ್ತಿತ್ತು.

ಗಾಡಿಗೆ ಇನ್ನೊಂದು ಸೆನ್ಸರ್ ಇರುತ್ತೆ, ಒಳಗೆ ಎಳೆದುಕೊಳ್ಳೋ ಗಾಳಿಯ ಬಿಸಿ ಅಳೆಯೋದು. ತಣ್ಣಗಿನ ಗಾಡಿಯಲ್ಲಿ ಎರಡೂ ಒಂದೇ ಅಂಕಿ ತೋರಿಸಿದರೆ ಎಲ್ಲ ಸರಿಯಿದೆ ಅಂತ ಅರ್ಥ. ಗಾಳಿಯದ್ದು ಹದಿನೇಳು ಇತ್ತು. ವರಲಕ್ಷ್ಮಿ ಹೊಸ ಸೆನ್ಸರ್ ಬಿಗಿದು ಸಿಗಿಸೋದಕ್ಕೂ ಇನ್ನೊಂದು ಅಂಕಿ ಅಲ್ಲಿಗೇ ಬಂದು ನಿಲ್ಲೋದಕ್ಕೂ ಸರಿಹೋಯ್ತು. ಹದಿನೇಳು, ಹದಿನೇಳು. ಕೋಡ್ ಮಾಯ. ಇಂಜಿನ್ ದೀಪ ಆರಿತು. ಕೀ ತಿರುಗಿಸಿದಳು. ಒಂದೇ ಏಟಿಗೆ ಹೊತ್ತಿಕೊಂಡಿತು.

ಗ್ರೀಸ್ ಕೈಯಲ್ಲೇ ಒಳಗೆ ಓಡಿದಳು. "ಅತ್ತೆ, ಆಯ್ತು ಅತ್ತೆ! ನಾನೇ ಮಾಡ್ದೆ! ಏಳು, ನೀನೂ ಬರೋವಂತೆ..."

ಭುಜ ಹಿಡಿದು ಅಲ್ಲಾಡಿಸಿದಳು.

ಅತ್ತೆಯ ಮೈ ಕೊಟ್ಟಿಗೆಯ ಗಾಳಿಯಷ್ಟೇ ತಣ್ಣಗಿತ್ತು.

ಮಂಚದ ಕಾಲು ಹಿಡಿದು ಎಷ್ಟು ಹೊತ್ತು ಕೂತಿದ್ದಳೋ. ನಸುಕಿಗೆ ಮುಂಚೆ ಎಬ್ಬಿಸಿದ್ದು ಫೋನು. ವೆಂಕಟರಾಮಪ್ಪ.

"ಹೊರಟ್ಯೇನಮ್ಮ? ನಿಮ್ಮ ಬಾವ ಬೇರೆ ಗಾಡಿ ಐತೆ ಅಂತ ರಾತ್ರಿ ಮಲಗೋಕ್ ಮುಂಚೆ ಮತ್ತೆ ಫೋನ್ ಮಾಡಿದ್ರು."

ನಮ್ಮ ಕಡೆಯ ರೇಷ್ಮೆ ಮನೆಗಳ ಕಟ್ಟುನಿಟ್ಟು ಹೊರಗಿನವರಿಗೆ ಅಷ್ಟು ಗೊತ್ತಿರಲ್ಲ. ಸೂತಕದ ಮನೆಯವರು ಹುಳದ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ, ಗೂಡು ಮುಟ್ಟೋ ಹಾಗಿಲ್ಲ. ಸೂತಕದ ಗಾಡಿಗೆ ಯಾರೂ ಗೂಡು ಹೇರಲ್ಲ. ವರಲಕ್ಷ್ಮಿ ಬಾಯಿಬಿಟ್ಟು ಅತ್ತರೆ ಪಕ್ಕದ ಮನೆ ಮಂಗಮ್ಮ ಬರ್ತಾಳೆ, ಹಿಂದಿನ ಬೀದಿಯಿಂದ ನರಸಿಂಹಮೂರ್ತಿ ಬರ್ತಾನೆ. ವೆಂಕಟರಾಮಪ್ಪನ ಗೂಡು ಬೇರೆ ಗಾಡಿ ಹತ್ತುತ್ತೆ, ವರ್ಷಪೂರ್ತಿಯ ಬಾಡಿಗೆ ಅದರ ಜೊತೆಗೇ ಹೋಗುತ್ತೆ. ಹದಿನೈದು ದಿನ ಕಳೆದ ಮೇಲೆ ಪಿಕಪ್ ಬಾವನ ಅಂಗಳದಲ್ಲಿ ನಿಂತಿರುತ್ತೆ.

"ಹೊರಟೆ ಕಣಣ್ಣ" ಅಂದಳು.

ಕಂಬಳಿ ಕತ್ತಿನವರೆಗೆ ಎಳೆದಳು. ತಲೆ ಹತ್ತಿರ ದೀಪ ಹಚ್ಚಬೇಕಿತ್ತು. ಹಚ್ಚಿದರೆ ಕಿಟಕಿಯಿಂದ ಕಾಣುತ್ತೆ. ಹಚ್ಚಲಿಲ್ಲ. ಹೊರಗಿಂದ ಬೀಗ ಹಾಕಿಕೊಂಡು ಹೊರಟಳು. ಹೆತ್ತ ಮಗ ಹಿಂದಿನ ಬೀದಿಯಲ್ಲಿ ಗೊರಕೆ ಹೊಡೀತಿದ್ದ.

ವೆಂಕಟರಾಮಪ್ಪ ಮುಖ ಕೂಡ ನೋಡಲಿಲ್ಲ. "ಎಳೆ ಬಿಡಿಸೋಕೆ ಆಳು ಸಿಗ್ಲಿಲ್ಲ, ಹಂಗೇ ತುಂಬ್ಕೋ. ಬೆಲೆ ಬಂದಷ್ಟು ಬರ್ಲಿ" ಅಂದ. ಚೀಲಗಳು ಹತ್ತಿದವು. "ನಾನು ಹೊತ್ತು ಹುಟ್ಟಿದ ಮೇಲೆ ಬಸ್ಸಿಗೆ ಬರ್ತೀನಿ" ಅಂದ. ಒಬ್ಬಳೇ ಹೊರಟಳು.

ಬೆಟ್ಟದ ಸಾಲಿನ ಹತ್ತಿರ ಬರೋವರೆಗೆ ಎಲ್ಲ ಸರಿಯಿತ್ತು. ಸ್ಕ್ಯಾನರ್ ಇನ್ನೂ ಸ್ಟೇರಿಂಗ್ ಕೆಳಗೇ ಇತ್ತು, ಫೋನು ಎದುರಿಗಿತ್ತು. ಓಡೋ ಇಂಜಿನ್ನಿನ ಬಿಸಿ ಎಂಬತ್ತು ದಾಟಬೇಕು. ಅಂಕಿ ಹದಿನೇಳರಿಂದ ಏರಿತು. ಇಪ್ಪತ್ತು, ಮೂವತ್ತು. ಮೂವತ್ತೇಳಕ್ಕೆ ನಿಂತಿತು, ಜೀವ ಇರೋ ಮೈಯ ಬಿಸಿಗೆ.

ದಿಣ್ಣೆ ಹತ್ತಿದಳು. ಮೂವತ್ತೇಳು. ದೀಪ ಹತ್ತಲಿಲ್ಲ, ಕೋಡ್ ಬರಲಿಲ್ಲ. ಗಾಡಿ ಯಾವತ್ತೂ ಇಲ್ಲದ ಹಾಗೆ ಸಲೀಸಾಗಿ ಓಡ್ತಿತ್ತು.

ಆಗ ಹಿಂದಿನಿಂದ, ಚೀಲಗಳ ನಡುವಿನಿಂದ...

ಜುಯ್... ಜುಯ್...

ಕನ್ನಡಿ ನೋಡಲಿಲ್ಲ ಅವಳು. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಹಿಡಿದಳು. ನಿಲ್ಲಿಸಲಿಲ್ಲ. ಚಿಕ್ಕಬಳ್ಳಾಪುರದ ದೀಪಗಳು ಬಂದವು, ಹೋದವು. ಊರೊಳಗೆ ಸದ್ದು ನಿಲ್ಲುತ್ತೆ ಅಂದ್ಕೊಂಡಿದ್ದಳು, ನಿಲ್ಲಲಿಲ್ಲ. ಒಂದೊಂದೇ ಗೂಡು, ಒಂದೊಂದೇ ಎಳೆ. ಊರು ದಾಟಿ ಮತ್ತೆ ಕತ್ತಲೆ ಬಂದಾಗ ಕತ್ತಿನ ಹತ್ತಿರ, ತೀರಾ ಹತ್ತಿರ, ಪಿಸುಮಾತು ಕೇಳಿಸಿತು.

"ಇನ್ನೂ ಎಷ್ಟು ದೂರಾನಮ್ಮ...?"

 ರಸ್ತೆಯಿಂದ ಕಣ್ಣು ತೆಗೆಯದೇ ಹೇಳಿದಳು. "ಬಂತು ಅತ್ತೆ. ಇನ್ನೇನು ಬಂತು."

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಚೀಲ ಇಳಿಸಿದರು. ಹರಾಜಿಗೆ ಮುಂಚೆ ಗೂಡು ನೋಡೋಕೆ ಬಂದ ಒಬ್ಬ ರೀಲರ್, ಅಂದರೆ ಗೂಡಿಂದ ನೂಲು ತೆಗೆಸೋನು, ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದ. ಒಳಗೆ ಹುಳ ಗುಡುಗುಡು ಅಂದಿತು. ಅಂಗೈ ಬಿಚ್ಚಿ ನೋಡಿದ. "ಯಾರಮ್ಮ ಎಳೆ ಬಿಡಿಸಿದ್ದು? ಒಂದು ನೂಲೂ ಇಲ್ಲ. ಈಗಿನೋರು ಹಿಂಗ್ ಮಾಡಲ್ಲ" ಅಂದ.

ಬಸ್ಸಿಳಿದು ಬಂದ ವೆಂಕಟರಾಮಪ್ಪ ಗೂಡು ನೋಡಿದ, ವರಲಕ್ಷ್ಮಿಯ ಮುಖ ನೋಡಿದ. ಇವಳೇ ಯಾವುದೋ ಮಾಯದಲ್ಲಿ ಮಾಡಿದ್ದಾಳೆ ಅಂತ ತಿಳಿದ. "ಇನ್ನು ನಮ್ಮನೆ ಗೂಡು ನಿಂದೇ ಗಾಡಿಗೆ ಕಣಮ್ಮ" ಅಂದ.

ವಾಪಸು ಬರುವಾಗ ಅಂಕಿ ಎಂಬತ್ತೈದಕ್ಕೆ ಏರಿ, ಎಲ್ಲ ಗಾಡಿಗಳ ಹಾಗೆ ಅಲ್ಲೇ ನಿಂತಿತು. ಹಿಂದೆ ಸದ್ದಿರಲಿಲ್ಲ.

ಮಧ್ಯಾಹ್ನ ಬೀಗ ತೆಗೆದಳು. ಒಳಗೆ ಹೋಗಿ, ಮಂಚದ ಹತ್ತಿರ ನಿಂತು, ಆಗ ಕೂಗಿಕೊಂಡಳು. ರಾತ್ರಿಯಿಂದ ಹಿಡಿದಿಟ್ಟಿದ್ದೆಲ್ಲ ಒಂದೇ ಸಲಕ್ಕೆ ಬಂತು. ಮಂಗಮ್ಮ ಓಡಿ ಬಂದಳು. ನರಸಿಂಹಮೂರ್ತಿ ಪಂಚೆ ಕಟ್ಟಿಕೊಳ್ಳುತ್ತಾ ಬಂದ. ಅವ್ವನ ಮುಖ ನೋಡಿ ಅವನೂ ಕುಸಿದು ಕೂತ, ಅತ್ತ. ಆಮೇಲೆ ತಲೆ ಎತ್ತಿದ.

"ಬೆಳಗ್ಗೆ ಬಾಗಿಲಿಗೆ ಬೀಗ ಇತ್ತು. ಗಾಡಿ ಇರ್ಲಿಲ್ಲ. ಅವ್ವ ಹೋಗಿದ್ದು ಯಾವಾಗಮ್ಮ?"

ವರಲಕ್ಷ್ಮಿ ಕಂಬಳಿಯ ಅಂಚು ಸರಿಮಾಡಿದಳು. 

ಅಷ್ಟರಲ್ಲಿ ಮಂಗಮ್ಮ ಮುದುಕಿಯ ಕತ್ತಿನಡಿ ಕೈ ಇಟ್ಟು ನೋಡಿ ಅಂದಳು, "ಸುಮ್ನಿರಪ್ಪ, ಯಾಕೆ ಆ ಹುಡುಗೀನ ಗೋಳಾಡಿಸ್ತೀಯ? ಈಗ ತಾನೇ ಜೀವ ಹೋಗಿರೋದು. ಮೈ ಇನ್ನೂ ಬೆಚ್ಚಗೈತೆ."

ನರಸಿಂಹಮೂರ್ತಿ ಮುಟ್ಟಿ ನೋಡಿದ. ಬೆಚ್ಚಗಿತ್ತು. ವರಲಕ್ಷ್ಮಿ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಎಡಗೈ ಬೆರಳು ಮಡಚಿದರೆ ಮಡಚುತ್ತಿದ್ದವು. ಅವನು ಮತ್ತೆ ಕೇಳಲಿಲ್ಲ.

ಮೈ ತೊಳೆಸಿದವಳೂ ಮಂಗಮ್ಮನೇ. ಬಲಗೈ ಮುಷ್ಟಿ ಬಿಗಿಯಾಗಿತ್ತಂತೆ. ಬಿಡಿಸಿದರೆ ಒಳಗೆ ನಿಂಬೆಕಾಯಿಯಷ್ಟು ದಪ್ಪ ರೇಷ್ಮೆ ಎಳೆಯ ಉಂಡೆ. ಬೆಳ್ಳಗೆ, ಹೊಸದು. "ನಿಮ್ಮನೇಲಿ ಹುಳ ಸಾಕೋದು ಬಿಟ್ಟು ಎಷ್ಟು ಕಾಲ ಆಯ್ತು, ಇದೆಲ್ಲಿಂದ ಬಂತೇ?" ಅಂತ ಕೇಳಿದಳು.  ವರಲಕ್ಷ್ಮಿ ಆ ಮುಷ್ಟಿಯನ್ನು ಮತ್ತೆ ಮುಚ್ಚಿ, ಹಾಗೇ ಕಳಿಸಿಕೊಟ್ಟಳು.

ಇದು ನಡೆದದ್ದು. ಮಂಗಮ್ಮ ಇನ್ನೂ ಗಟ್ಟಿಯಾಗಿದ್ದಾಳೆ, ಆ ಊರಲ್ಲೇ ಇದ್ದಾಳೆ, ಬೇಕಾದವರು ಹೋಗಿ ಕೇಳಲಿ. ಗಾಡಿಯೊಳಗಿನ ಸಂಗತಿಯನ್ನು ವರಲಕ್ಷ್ಮಿ ಎಷ್ಟೋ ದಿನ ಆದ ಮೇಲೆ ಅವಳೊಬ್ಬಳಿಗೆ ಹೇಳಿದಳು. ಹೇಳುವಾಗ ಅಳಲಿಲ್ಲ. ನಂಬ್ತೀಯೋ ಇಲ್ವೋ ಅಂತ ಕೇಳಲೂ ಇಲ್ಲ.

ಈಗ ವರಲಕ್ಷ್ಮಿಗೆ ಎರಡು ಪಿಕಪ್ ಇದೆ. ಮಂಚೇನಹಳ್ಳಿಯಲ್ಲಿ ರಸ್ತೆಗೆ ಮುಖಮಾಡಿದ ಒಂದು ಶೆಡ್ಡಿದೆ, ಅವಳ ಹೆಸರಿನ ಬೋರ್ಡಿದೆ. ಬೇರೆಯವರ ಗಾಡಿಯ ಕೋಡನ್ನೂ ಅವಳೇ ಓದಿ ಹೇಳ್ತಾಳೆ. ಇಷ್ಟಕ್ಕೆ ಅವಳು ತೆತ್ತ ಬೆಲೆ, ಆ ರಾತ್ರಿ ಅತ್ತೆ ಕೂಗಿದಾಗ ಎದ್ದು ಹೋಗದೇ, ಹೋಗೋ ಜೀವದ ಬಾಯಿಗೆ ಬಿಡದೇ ಉಳಿದ ಒಂದು ಗುಟುಕು ನೀರು.